ಕಾಮನ ಹುಣ್ಣಿಮೆಗೆ ಮನೆಯಲ್ಲೇ ಮಾಡಿದ ಬಣ್ಣ



ಕಾಮನ ಹುಣ್ಣಿಮೆ ಬಂತೆಂದರೆ ನಮಗೆಲ್ಲಾ ಎಷ್ಟು ಖುಷಿ ಅಲ್ಲವೇ? ಮನೆ ಮನೆಗೆ ಹೋಗಿ ಕಟ್ಟಿಗೆ, ಕುಳ್ಳು ಕೂಡಿಸುವುದು, ರಾತ್ರಿ ಹಲಿಗೆ ಬಾರಿಸುತ್ತಾ ಕಾಮಣ್ಣನನ್ನು ಸುಡುವುದು, ಬೆಳಗಾದ ಕೂಡಲೇ ಬಣ್ಣ ಆಡುವುದು. ಆದರೆ ನಾವು ಆಡುವ ಬಣ್ಣ ಯಾವುದರಿಂದ ಮಾಡಿದ್ದು ಅಂತ ಯಾರಾದರೂ ಕೇಳಿದ್ದೇವೆಯೇ? ನಾನೂ ಕೇಳಿರಲಿಲ್ಲ.

2024ರ ಹುಣ್ಣಿಮೆಯಲ್ಲಿ ನನ್ನ ತಂಗಿಯ ಮುಖಕ್ಕೆ ಹೊಳೆಯುವ ಹಸಿರು ಬಣ್ಣ ಹಚ್ಚಿದರು. ಹಚ್ಚಿದವರು ಬೇರೆ ಯಾರೂ ಅಲ್ಲ, ನಾನೇ. ಅರ್ಧ ತಾಸಿಗೆ ಅವಳ ಕೆನ್ನೆ ಕೆಂಪಗಾಗಿ ಉರಿಯಿತು. ಒಂದು ಕಣ್ಣು ಬಾತು ಮುಚ್ಚಿಕೊಂಡಿತು. ಅಪ್ಪ ಸೈಕಲ್ ಮೋಟಾರಿನ ಮೇಲೆ ದವಾಖಾನೆಗೆ ಕರಕೊಂಡು ಹೋದರು. ಡಾಕ್ಟರು ಕಣ್ಣು ತೊಳೆದು, ಹನಿ ಹಾಕಿ, "ಯಾವ ಬಣ್ಣ? ಪಾಕೀಟಿನ ಮೇಲೆ ಏನು ಬರೆದೈತಿ?" ಎಂದು ಕೇಳಿದರಂತೆ. ಮನೆಗೆ ಬಂದು ಪಾಕೀಟು ಹುಡುಕಿ ನೋಡಿದೆವು. ಅದರ ಮೇಲೆ ಚೆಂದದ ಚಿತ್ರ ಇತ್ತು. ಒಳಗೆ ಏನು ಹಾಕಿದ್ದಾರೆ ಅಂತ ಒಂದು ಅಕ್ಷರವೂ ಇರಲಿಲ್ಲ. ತಂಗಿಯ ಕಣ್ಣು ನಾಲ್ಕು ದಿನಕ್ಕೆ ವಾಸಿಯಾಯಿತು. ಆದರೆ ಆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ.

2025ರ ಹುಣ್ಣಿಮೆ ಹತ್ತಿರ ಬಂದಾಗ ಅಪ್ಪ, "ನಮ್ಮ ಮನ್ಯಾಗ ಇನ್ನ ಬಣ್ಣ ಬ್ಯಾಡ" ಅಂದರು. ತಂಗಿ ಅಳಲಿಕ್ಕೆ ಹತ್ತಿದಳು. ಆಗ ಅಜ್ಜಿ, "ಯಾಕ ಬ್ಯಾಡ? ನಮ್ಮ ಕಾಲ್ದಾಗ ಪಾಕೀಟು ಎಲ್ಲಿದ್ವು? ಮುತ್ತಲ ಹೂ ತಂದು ಕುದಿಸ್ತಿದ್ವಿ. ಈ ಸಲ ಮನ್ಯಾಗ ಮಾಡೋಣ" ಅಂದಳು. ಹೀಗೆ ನಮ್ಮ ಮನೆಯವರೆಲ್ಲಾ ಕೂಡಿ ಬಣ್ಣ ಮಾಡಿದೆವು. ಅದರಲ್ಲಿ ಒಂದು ತಪ್ಪೂ ಆಯಿತು. ಅದನ್ನೂ ಮುಚ್ಚಿಡದೆ ಬರೆದಿದ್ದೇನೆ.

೧. ಬಣ್ಣ ಮೊದಲು ಎಲ್ಲಿಂದ ಬರುತ್ತಿತ್ತು?

ಬಣ್ಣದ ನೀರು ಆಡುವುದು ನಮ್ಮ ಸೀಮೆಗೆ ಹೊಸದಲ್ಲ. ಸುಮಾರು 1420ರಲ್ಲಿ ಇಟಲಿ ದೇಶದ ನಿಕೊಲೊ ಕಾಂಟಿ ಎಂಬ ಪ್ರವಾಸಿ ವಿಜಯನಗರಕ್ಕೆ ಬಂದಿದ್ದನು. ಅಲ್ಲಿ ಒಂದು ಹಬ್ಬದಲ್ಲಿ ಮೂರು ದಿನ ದಾರಿಯ ಬದಿಯಲ್ಲಿ ಕೇಸರಿ ನೀರನ್ನು ಇಟ್ಟು ಹೋಗುವವರಿಗೆ ಬರುವವರಿಗೆ ಎರಚುತ್ತಿದ್ದರು, ರಾಜ ರಾಣಿಯರನ್ನೂ ಬಿಡುತ್ತಿರಲಿಲ್ಲ, ಎಲ್ಲರೂ ನಗುತ್ತಿದ್ದರು ಎಂದು ಅವನು ತಿಳಿಸಿದ್ದಾನೆ. ಅಂದರೆ ಸುಮಾರು 600 ವರ್ಷದ ಹಿಂದೆಯೇ ಇಲ್ಲಿ ಓಕುಳಿ ಇತ್ತು.

ಹಡಗಲಿ ತಾಲೂಕಿನ ಮೈಲಾರ ಜಾತ್ರೆಯನ್ನು ನೀವೆಲ್ಲಾ ನೋಡಿದ್ದೀರಿ. ಅಲ್ಲಿಯ ಭಂಡಾರ ಎಂದರೆ ಅರಿಶಿನ ಪುಡಿ. ಗೊರವಯ್ಯನವರು ಹಣೆಗೆ ಹಚ್ಚುವುದು ಅದನ್ನೇ. ಕಾರಣಿಕ ಕೇಳಿ ಬಂದವರ ಅಂಗಿ ಎಲ್ಲಾ ಹಳದಿ ಆಗಿರುತ್ತದೆ. ಮೈಲಾರ ಜಾತ್ರೆ ಭರತ ಹುಣ್ಣಿಮೆಯ ಸುಮಾರಿಗೆ ಬರುತ್ತದೆ. ಅದಾದ ಮುಂದಿನ ಹುಣ್ಣಿಮೆಯೇ ಕಾಮನ ಹುಣ್ಣಿಮೆ.

ಹಾಗಾದರೆ ಪಾಕೀಟಿನ ಬಣ್ಣ ಯಾವಾಗ ಬಂತು? 1856ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾದ ಔಷಧಿ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿ ಮಾಡಲು ಹೊರಟಿದ್ದನು. ಕಲ್ಲಿದ್ದಲಿನ ಟಾರಿನಿಂದ ಬಂದ ವಸ್ತುವನ್ನು ಬೆರೆಸುವಾಗ ಔಷಧಿ ಆಗಲಿಲ್ಲ. ಬದಲಿಗೆ ನೇರಳೆ ಬಣ್ಣ ಸಿಕ್ಕಿತು! ಅಲ್ಲಿಂದ ಕಾರ್ಖಾನೆ ಬಣ್ಣಗಳು ಜಗತ್ತಿಗೆಲ್ಲಾ ಹಬ್ಬಿದವು.

ಕಾರ್ಖಾನೆಯ ಬಣ್ಣ ಎಲ್ಲಾ ವಿಷ ಎಂದು ನಾನು ಹೇಳುವುದಿಲ್ಲ. ನಮ್ಮ ಸಮವಸ್ತ್ರದ ಬಣ್ಣವೂ ಕಾರ್ಖಾನೆಯದೇ. ಆದರೆ ಬಟ್ಟೆಗೆಂದು ಮಾಡಿದ ಬಣ್ಣವನ್ನು ಮುಖಕ್ಕೆ ಹಚ್ಚಿದರೆ, ಹೊಟ್ಟೆಗೆ ಹಾಕಿದರೆ ಕೇಡು. ಅಗ್ಗದ ಹೋಳಿ ಬಣ್ಣಗಳನ್ನು ಪರೀಕ್ಷೆ ಮಾಡಿದಾಗ ಕೆಲವದರಲ್ಲಿ ಸೀಸದಂತಹ ಲೋಹಗಳು ಸಿಕ್ಕಿವೆ. ರೋಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಗುಲಾಬಿ ಬಣ್ಣ. ಅದನ್ನು ಜಾತ್ರೆಯಲ್ಲಿ ಮಾರುವ ಕಾಟನ್ ಕ್ಯಾಂಡಿಗೆ ಹಾಕುತ್ತಿದ್ದುದು ಗೊತ್ತಾಗಿ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕಾಟನ್ ಕ್ಯಾಂಡಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು.

೨. ಬೇಕಾಗುವ ಸಾಮಾನುಗಳು

ಮುತ್ತಲ ಹೂ (ಮುತ್ತುಗ ಅಂತಲೂ ಅನ್ನುತ್ತಾರೆ), ಅರಿಶಿನ ಪುಡಿ, ಕಡಲೆ ಹಿಟ್ಟು, ಒಂದು ಬೀಟ್‌ರೂಟ್, ಉಳ್ಳಾಗಡ್ಡಿ ಸಿಪ್ಪೆ, ಹುಣಸೆ ಹಣ್ಣು, ಎಲೆ ಅಡಿಕೆಗೆ ಹಚ್ಚುವ ಸುಣ್ಣ ಸ್ವಲ್ಪ, ಹಳೆಯ ಬಿಳಿ ಬಟ್ಟೆ, ಸೋಸಲು ತೆಳು ಅರಿವೆ.

ಇದರಲ್ಲಿ ಬೀಟ್‌ರೂಟ್ ಒಂದನ್ನೇ ನಾವು ಸಂತೆಯಲ್ಲಿ ಕೊಂಡದ್ದು. ಉಳ್ಳಾಗಡ್ಡಿ ಸಿಪ್ಪೆಗೆ ನಮ್ಮ ಕಡೆ ಬರವಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಉಳ್ಳಾಗಡ್ಡಿ ಬೆಳೆಯುವ ಹೊಲಗಳಲ್ಲಿ ಒಣ ಸಿಪ್ಪೆ ಗಾಳಿಗೆ ಹಾರಾಡುತ್ತಿರುತ್ತದೆ. ಅದನ್ನು ಯಾರೂ ದುಡ್ಡು ಕೇಳುವುದಿಲ್ಲ.

೩. ಮಾಡುವ ವಿಧಾನ

ಕಿತ್ತಳೆ ಬಣ್ಣ: ಮುತ್ತಲ ಮರ ಮಾಘ ಫಾಲ್ಗುಣದಲ್ಲಿ ಎಲೆ ಉದುರಿಸಿ ಬೆಂಕಿ ಹತ್ತಿದ ಹಾಗೆ ಹೂ ಬಿಡುತ್ತದೆ. ಊಟದ ಎಲೆ ಹಚ್ಚುವುದು ಇದೇ ಮರದ ಎಲೆಯಿಂದ. ಅಪ್ಪ ಹೊಲದಿಂದ ಬರುವಾಗ ಕೆಳಗೆ ಬಿದ್ದ ಹೂವುಗಳನ್ನು ಒಂದು ಚೀಲ ತಂದರು. ಮರದ ಮೇಲಿನ ಹೂ ಕೀಳಲಿಲ್ಲ, ಯಾಕೆಂದರೆ ಗಿಣಿ, ಗೊರವಂಕ, ಜೇನುಹುಳ ಅದಕ್ಕೇ ಬರುತ್ತವೆ. ಮೊಗ್ಗಿನ ಕಪ್ಪು ತೊಟ್ಟು ತೆಗೆದು, ನಾಲ್ಕು ಹಿಡಿ ಹೂವಿನ ಎಸಳನ್ನು ಎರಡು ತಂಬಿಗೆ ನೀರಿಗೆ ಹಾಕಿ ಕುದಿಸಿ ರಾತ್ರಿ ಹಾಗೇ ಬಿಟ್ಟೆವು. ಬೆಳಿಗ್ಗೆ ಸೋಸಿದರೆ ಹಳದಿ ಕೂಡಿದ ಕಿತ್ತಳೆ ನೀರು ಸಿಕ್ಕಿತು. ಇದನ್ನು ಬಕೆಟ್ ನೀರಿಗೆ ಬೆರೆಸಬಹುದು.

ಒಣ ಹಳದಿ: ಒಂದು ಪಾಲು ಅರಿಶಿನಕ್ಕೆ ಎರಡು ಪಾಲು ಕಡಲೆ ಹಿಟ್ಟು ಕಲಸಿ ಜರಡಿ ಹಿಡಿಯಬೇಕು. ಅವ್ವ ಇದನ್ನು ಮಾಡುತ್ತಾ, "ಬಣ್ಣ ಆಡಿ ಉಳಿದ್ರ ಮೈಗೆ ಹಚ್ಕೊಂಡು ಜಳಕ ಮಾಡ್ರಿ" ಅಂದಳು.

ಗುಲಾಬಿ: ಬೀಟ್‌ರೂಟನ್ನು ತುರಿದು ತಣ್ಣೀರಿನಲ್ಲಿ ಒಂದು ತಾಸು ನೆನೆಸಿ ಹಿಂಡಬೇಕು. ನಾವು ಮೊದಲು ಕುದಿಸಿದೆವು. ಬಹಳ ಹೊತ್ತು ಕುದ್ದ ನೀರು ಕಂದು ತಿರುಗಿತು. ಬೀಟ್‌ರೂಟಿನ ಕೆಂಪು ಬಿಸಿಗೆ ಕೆಡುತ್ತದೆ. ಆದ್ದರಿಂದ ತಣ್ಣೀರೇ ಒಳ್ಳೆಯದು.

ಕಂದು ಮತ್ತು ಇಟ್ಟಿಗೆ ಬಣ್ಣ: ಎರಡು ಬೊಗಸೆ ಉಳ್ಳಾಗಡ್ಡಿ ಒಣ ಸಿಪ್ಪೆಯನ್ನು ಎರಡು ತಂಬಿಗೆ ನೀರಲ್ಲಿ 20 ನಿಮಿಷ ಕುದಿಸಬೇಕು. ಇದು ನೀರು ಎರಚಲಿಕ್ಕಿಂತ ಬಟ್ಟೆಗೆ ಮತ್ತು ಮೊಟ್ಟೆಗೆ ಚೆನ್ನಾಗಿ ಹಿಡಿಯುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

೪. ಕೆಂಪು ಓಕುಳಿಯಲ್ಲಿ ಆದ ತಪ್ಪು

ಮದುವೆಯಲ್ಲಿ ಆರತಿ ತಟ್ಟೆಗೆ ಕೆಂಪು ನೀರು ಮಾಡುವುದನ್ನು ಎಲ್ಲರೂ ನೋಡಿದ್ದೇವೆ. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಸಾಕು, ಹಳದಿ ಹೋಗಿ ರಕ್ತದಂಥ ಕೆಂಪು. ತಂಗಿ, "ನನಗ ಕೆಂಪು ಬೇಕು, ಬಕೆಟ್ ತುಂಬಾ ಬೇಕು" ಅಂದಳು.

ಅಜ್ಜಿ ಒಂದು ಬಕೆಟ್ ನೀರಿಗೆ ಅರಿಶಿನ ಹಾಕಿ, ಕಡಲೆ ಕಾಳಿನಷ್ಟು ಸುಣ್ಣ ಹಾಕಿದಳು. ಕೆಂಪು ಆಗಲಿಲ್ಲ. ಇನ್ನಷ್ಟು ಹಾಕಿದಳು. ನೀರು ಸ್ವಲ್ಪ ಮಬ್ಬಾಯಿತೇ ಹೊರತು ಕೆಂಪು ಬರಲಿಲ್ಲ. ಆಗ ಅಪ್ಪ ಗೋಡೆಗೆ ಬಳಿಯಲು ನೆನೆಸಿಟ್ಟಿದ್ದ ಸುಣ್ಣದಲ್ಲಿ ಎರಡು ಸೌಟು ಹಾಕಿದರು. ಅಬ್ಬಾ, ಎಂಥಾ ಕೆಂಪು! ನಾನು ಖುಷಿಯಿಂದ ಮೊಣಕೈ ತನಕ ಕೈ ಹಾಕಿ ಕಲಸಿದೆ. ಮೊದಲು ಕೈ ಸಬ್ಬು ಹಚ್ಚಿದ ಹಾಗೆ ಜಾರಿತು. ಆಮೇಲೆ ಉರಿ ಶುರುವಾಯಿತು. ತೊಳೆದರೂ ಸಂಜೆ ತನಕ ಬೆರಳಿನ ಸಂದಿ ಚುರುಗುಟ್ಟಿ ಚರ್ಮ ಬಿರಿಯಿತು.

ಅಪ್ಪ ಒಂದು ಮಾತೂ ಆಡದೆ ಆ ಬಕೆಟನ್ನು ಹಿತ್ತಲ ಮೂಲೆಯ ಗುಂಡಿಗೆ ಸುರಿದು ಬಂದರು. ತಂಗಿಯ ಕಣ್ಣು ಕಾಯಬೇಕು ಅಂತ ಹೊರಟವರು ನಾವೇ ಬಕೆಟ್ ತುಂಬಾ ಸುಣ್ಣ ಕಲಸಿದ್ದೆವು. ಆ ನೀರನ್ನು ಅವಳ ಮುಖಕ್ಕೆ ಎರಚಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಭಯ ಆಗುತ್ತದೆ. ಮನೆಯಲ್ಲಿ ಮಾಡಿದ್ದು ಎಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಒಳಗೆ ಏನಿದೆ, ಎಷ್ಟಿದೆ ಎಂದು ಗೊತ್ತಿರಬೇಕು.

೫. ಇದಕ್ಕೆ ಕಾರಣವೇನು?

ಮರುದಿನ ಶಾಲೆಯಲ್ಲಿ ವಿಜ್ಞಾನದ ಗುರುಗಳಿಗೆ ನನ್ನ ಕೈ ತೋರಿಸಿ ಕೇಳಿದೆ. ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಹುಣಸೆ, ನಿಂಬೆ ಇವು ಆಮ್ಲಗಳು. ಸುಣ್ಣ, ಸಬ್ಬು, ಅಡುಗೆ ಸೋಡಾ ಇವು ಪ್ರತ್ಯಾಮ್ಲಗಳು. ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತು ಇದೆ. ಅದು ಆಮ್ಲದಲ್ಲಿ ಹಳದಿಯಾಗಿಯೇ ಇರುತ್ತದೆ, ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ. ಇಂಥ ವಸ್ತುವಿಗೆ ಸೂಚಕ ಎನ್ನುತ್ತಾರೆ. ನಿಮ್ಮ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದ ಕಲೆಗೆ ಸಬ್ಬು ಹಚ್ಚಿದಾಗ ಕೆಂಪಾಗುವುದು ಇದಕ್ಕೇ. ಅದು ಗಾಬರಿ ಪಡುವ ವಿಷಯ ಅಲ್ಲ. ನಿಂಬೆ ಹಚ್ಚಿದರೆ ತಿರುಗಿ ಹಳದಿ ಆಗುತ್ತದೆ. ಬಿಸಿಲಿಗೆ ಒಣಗಿಸಿದರೆ ಹಳದಿಯೂ ಮಾಸುತ್ತದೆ.

ದಾಸವಾಳವೂ ಸೂಚಕವೇ. ಕೆಂಪು ದಾಸವಾಳದ ಎಸಳನ್ನು ಬಿಸಿ ನೀರಲ್ಲಿ ನೆನೆಸಿ, ಆ ನೀರಿಗೆ ನಿಂಬೆ ಹಿಂಡಿದರೆ ಕಡು ಗುಲಾಬಿ, ಸುಣ್ಣದ ತಿಳಿ ಹಾಕಿದರೆ ಹಸಿರು.

ಹಾಗಾದರೆ ಬಕೆಟಿನಲ್ಲಿ ಯಾಕೆ ಕೆಂಪು ಬರಲಿಲ್ಲ? ನಮ್ಮೂರಿನ ಬೋರಿನ ನೀರು ಗಡಸು. ಅದರಲ್ಲಿ ಕರಗಿರುವ ಲವಣಗಳು ಹಾಕಿದ ಸುಣ್ಣವನ್ನು ಮೊದಲು ತಾವೇ ತೆಗೆದುಕೊಂಡು ಬಿಳಿ ಪುಡಿಯಾಗಿ ಬಿಡುತ್ತವೆ. ನೀರು ಮಬ್ಬಾದದ್ದು ಅದಕ್ಕೇ. ಆರತಿ ತಟ್ಟೆಯಲ್ಲಿ ನೀರು ಕಡಿಮೆ, ಆದ್ದರಿಂದ ಚೂರು ಸುಣ್ಣ ಸಾಕು. ಬಕೆಟಿಗೆ ಕೆಂಪು ಬರಬೇಕಾದರೆ ಬಹಳ ಸುಣ್ಣ ಬೇಕು. ಅಷ್ಟು ಸುಣ್ಣ ಮೈಗೆ ಆಗದು. ತಟ್ಟೆಯ ಲೆಕ್ಕ ಬಕೆಟಿಗೆ ನಡೆಯುವುದಿಲ್ಲ ಎಂದು ಗುರುಗಳು ಹೇಳಿದರು.

೬. ಮೊಟ್ಟೆಗೆ ಬಣ್ಣ ಹಾಕಿದ್ದು

ಅದೇ ದಿನ ಗುರುಗಳು ಇನ್ನೊಂದು ವಿಷಯ ಹೇಳಿದರು. ಬಣ್ಣದ ಹಬ್ಬ ನಮ್ಮಲ್ಲಿ ಮಾತ್ರ ಅಲ್ಲ, ವಸಂತ ಬರುವಾಗ ಬೇರೆ ದೇಶಗಳಲ್ಲಿ ಮೊಟ್ಟೆಗೆ ಬಣ್ಣ ಹಾಕುತ್ತಾರಂತೆ. ಕ್ರೈಸ್ತರ ಈಸ್ಟರ್ ಹಬ್ಬಕ್ಕೆ ಗ್ರೀಸ್ ದೇಶದಲ್ಲಿ ಮೊಟ್ಟೆಗಳನ್ನು ಕೆಂಪು ಮಾಡುತ್ತಾರೆ. ರಷ್ಯಾದಲ್ಲಿ ಉಳ್ಳಾಗಡ್ಡಿ ಸಿಪ್ಪೆಯಲ್ಲಿ ಕುದಿಸುತ್ತಾರೆ. ಇರಾನ್ ದೇಶದಲ್ಲಿ ಮಾರ್ಚ್ 20 ಅಥವಾ 21ರ ಸುಮಾರಿಗೆ ಬರುವ ನೌರೋಜ್ ಎಂಬ ಹೊಸ ವರ್ಷದ ದಿನ ಬಣ್ಣದ ಮೊಟ್ಟೆ ಇಡುತ್ತಾರೆ. ನಮ್ಮ ಯುಗಾದಿ ಇದ್ದ ಹಾಗೆ.

ಉಳ್ಳಾಗಡ್ಡಿ ಸಿಪ್ಪೆಯ ನೀರು ಮನೆಯಲ್ಲಿ ಇದ್ದೇ ಇತ್ತು. ಭಾನುವಾರ ನಾವೂ ಮಾಡಿದೆವು. ನಾಟಿ ಕೋಳಿಯ ಮೊಟ್ಟೆ ಮೊದಲೇ ಕಂದು, ಅದರ ಮೇಲೆ ಬಣ್ಣ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಅಂಗಡಿಯಿಂದ ಆರು ಬಿಳಿ ಮೊಟ್ಟೆ ತಂದೆವು. ಮೊಟ್ಟೆ ತೊಳೆದು, ಅದರ ಮೇಲೆ ಒಂದು ಕೊತ್ತಂಬರಿ ಎಲೆಯನ್ನು ನೀರು ಹಚ್ಚಿ ಅಂಟಿಸಿ, ತೆಳು ಅರಿವೆಯಲ್ಲಿ ಬಿಗಿಯಾಗಿ ಸುತ್ತಿ ದಾರ ಕಟ್ಟಿದೆವು. ಸಿಪ್ಪೆಯ ನೀರಲ್ಲಿ 15 ನಿಮಿಷ ಕುದಿಸಿ, ನೀರು ಆರುವ ತನಕ ಬಿಟ್ಟೆವು. ಬಿಚ್ಚಿದಾಗ ಮೊಟ್ಟೆ ಎಲ್ಲಾ ಇಟ್ಟಿಗೆ ಬಣ್ಣ, ಎಲೆ ಇದ್ದ ಜಾಗ ಮಾತ್ರ ಬಿಳಿ! ಎಲೆಯ ಒಂದೊಂದು ಹಲ್ಲೂ ಮೂಡಿತ್ತು. ಅಜ್ಜಿ ನೋಡಿ, "ಕೋಳಿ ಇಂಥಾ ತತ್ತಿ ಇಟ್ಟಿದ್ರ ನಾನು ಮಾರ್ತಿದ್ದಿಲ್ಲ ಬಿಡು" ಅಂದಳು. ಎಲ್ಲರೂ ನಕ್ಕೆವು. ಮೊಟ್ಟೆಗಳನ್ನು ಅವತ್ತೇ ತಿಂದೆವು, ಯಾಕೆಂದರೆ ಬೇಸಿಗೆಯಲ್ಲಿ ಬೇಯಿಸಿದ ಮೊಟ್ಟೆ ಬೇಗ ಕೆಡುತ್ತದೆ.

ನನ್ನ ಗೆಳತಿಯ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಅವಳು ಅದೇ ನೀರಲ್ಲಿ ಹಳೆಯ ಬಿಳಿ ಹತ್ತಿ ಬಟ್ಟೆಯನ್ನು ಅಲ್ಲಲ್ಲಿ ದಾರದಿಂದ ಗಂಟು ಕಟ್ಟಿ ಕುದಿಸಿದಳು. ಬಿಚ್ಚಿದರೆ ಗಂಟಿನ ಜಾಗದಲ್ಲಿ ಬಿಳಿ ಚಕ್ರಗಳು ಬಂದವು. ನೀರಿಗೆ ಚಿಟಿಕೆ ಪಟಿಕ ಹಾಕಿದರೆ ಬಟ್ಟೆಗೆ ಬಣ್ಣ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಆದ್ದರಿಂದ ಮೊಟ್ಟೆ ಇಲ್ಲದವರೂ ಮಾಡಬಹುದು.

ಉಳಿದ ಮೊಟ್ಟೆಯ ಸಿಪ್ಪೆಯಿಂದ ಒಂದು ಪ್ರಯೋಗ ಮಾಡಿರಿ. ಸಿಪ್ಪೆಯ ಚೂರನ್ನು ನಿಂಬೆ ರಸದಲ್ಲಿ ಹಾಕಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮೊಟ್ಟೆಯ ಸಿಪ್ಪೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆಗಿದೆ. ಆಮ್ಲ ತಾಗಿದಾಗ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಆ ದೇಶಗಳಲ್ಲಿ ಮೊಟ್ಟೆಯ ಬಣ್ಣಕ್ಕೆ ವಿನೆಗರ್ ಎಂಬ ಹುಳಿ ನೀರು ಹಾಕುತ್ತಾರೆ. ಹುಳಿಯು ಸಿಪ್ಪೆಯ ಮೇಲ್ಮೈಯನ್ನು ಸ್ವಲ್ಪ ಕೊರೆಯುವುದರಿಂದ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಇಲ್ಲಿ ಒಂದು ಸೋಜಿಗ ಇದೆ. ನಾವು ಗೋಡೆಗೆ ಬಳಿಯುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದು ಒಣಗುತ್ತಾ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ನನ್ನ ಕೈ ಸುಟ್ಟ ಸುಣ್ಣವೇ ಗೋಡೆಯ ಮೇಲೆ ಹಳೆಯದಾದ ಮೇಲೆ ಮೊಟ್ಟೆಯ ಸಿಪ್ಪೆಯ ಜಾತಿಯದಾಗುತ್ತದೆ. ಹಳೆಯ ಗೋಡೆ ಮುಟ್ಟಿದರೆ ಕೈ ಉರಿಯುವುದಿಲ್ಲ. ಹಸಿ ಸುಣ್ಣ ಮುಟ್ಟಿದರೆ ಉರಿಯುತ್ತದೆ.

೭. ಎಚ್ಚರಿಕೆಗಳು

1. ಸುಣ್ಣ ಹಾಕಿದ ಓಕುಳಿಯನ್ನು ಯಾರ ಮೈಮೇಲೂ ಎರಚಬಾರದು. ಆರತಿ ತಟ್ಟೆಗೆ ಮಾತ್ರ ಇರಲಿ. ಎರಚಲು ಮುತ್ತಲ ಹೂ, ಬೀಟ್‌ರೂಟ್ ನೀರು ಸಾಕು.

2. ಕಣ್ಣಿಗೆ ಸುಣ್ಣ ಬಿದ್ದರೆ ಉಜ್ಜಬಾರದು. ಕೂಡಲೇ ಶುದ್ಧ ನೀರನ್ನು 20 ನಿಮಿಷವಾದರೂ ಬಿಡದೆ ಸುರಿದು ತೊಳೆಯಬೇಕು. ಆಮೇಲೆ ತಡ ಮಾಡದೆ ದವಾಖಾನೆಗೆ ಹೋಗಬೇಕು. ಸುಣ್ಣಕ್ಕೆ ಹುಳಿ ಮದ್ದು ಅಂತ ಕಣ್ಣಿಗೆ ನಿಂಬೆ ಹಿಂಡಬಾರದು. ಸುಣ್ಣದ ಪಾಕೀಟನ್ನು ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ಒತ್ತಿದಾಗ ಒಡೆದು ಕಣ್ಣಿಗೆ ಸಿಡಿಯುತ್ತದೆ.

3. ಯಾವುದೇ ಬಣ್ಣವನ್ನು ಮೊದಲು ಮುಂಗೈ ಮೇಲೆ ಚೂರು ಹಚ್ಚಿ ಒಂದು ದಿನ ನೋಡಬೇಕು. ಹೂವಿನ ಬಣ್ಣವೂ ಕೆಲವರಿಗೆ ತುರಿಕೆ ತರಬಹುದು.

4. ಗುರುತಿಲ್ಲದ ಹೂ, ಎಲೆ ತರಬಾರದು. ಎಕ್ಕೆ, ಕಣಗಿಲೆ ಮುಟ್ಟಲೇ ಬಾರದು, ಅವು ವಿಷ.

5. ಕುದಿಸುವ ಕೆಲಸವನ್ನು ದೊಡ್ಡವರು ಮಾಡಲಿ. ನಾವು ಸೋಸುವುದು, ಜರಡಿ ಹಿಡಿಯುವುದು ಮಾಡೋಣ.

6. ಬಣ್ಣ ಆಡುವ ಮೊದಲು ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ತೊಳೆಯುವುದು ಸುಲಭ. "ಬ್ಯಾಡ" ಅಂದವರಿಗೆ ಹಚ್ಚಬಾರದು.

೮. ಕೊನೆಯ ಮಾತು

2025ರ ಹುಣ್ಣಿಮೆಯ ಬೆಳಿಗ್ಗೆ ನಾನು ಒಂದು ಬಟ್ಟಲಲ್ಲಿ ಮುತ್ತಲ ನೀರು ಹಿಡಿದು ತಂಗಿಯ ಹತ್ತಿರ ಹೋದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹಿಂದಿನ ವರ್ಷದ್ದು ಅವಳಿಗೆ ನೆನಪಿತ್ತು. ನಾನು ಮೊದಲು ನನ್ನ ಮುಖಕ್ಕೇ ಸುರಿದುಕೊಂಡೆ. ಆಮೇಲೆ "ಇದು ಮುತ್ತಲ ಹೂವಿನ ನೀರು. ನೀನೇ ಎಸಳು ಬಿಡಿಸಿದ್ದು ನೆನಪೈತೇನು?" ಅಂದೆ. ಅವಳು ಬೆರಳಿನ ಸಂದಿಯಿಂದ ನೋಡಿ, ಕೈ ತೆಗೆದು, ಬಟ್ಟಲು ಕಸಿದುಕೊಂಡು ನನ್ನ ತಲೆಯ ಮೇಲೇ ಸುರಿದಳು!

ಮನೆಯ ಬಣ್ಣ ಪಾಕೀಟಿನ ಬಣ್ಣದಷ್ಟು ಹೊಳೆಯುವುದಿಲ್ಲ, ಅದು ನಿಜ. ಎರಡು ಸಲ ತೊಳೆದರೆ ಹೋಗುತ್ತದೆ. ಆದರೆ ಅದರಲ್ಲಿ ಏನಿದೆ ಎಂದು ಡಾಕ್ಟರು ಕೇಳಿದರೆ ನಾವು ಹೇಳಬಹುದು. ಬರುವ ಕಾಮನ ಹುಣ್ಣಿಮೆಗೆ ನೀವೂ ನಿಮ್ಮ ಮನೆಯವರ ಕೂಡ ಮಾಡಿ ನೋಡಿರಿ. ಅಂಗಡಿಯಿಂದ ತಂದರೆ ಪಾಕೀಟಿನ ಮೇಲೆ ಏನು ಬರೆದಿದೆ ಎಂದು ಓದಿರಿ. ಏನೂ ಬರೆದಿಲ್ಲದಿದ್ದರೆ ವಾಪಸು ಕೊಟ್ಟುಬಿಡಿರಿ.

ಉತ್ತರಿಸಿರಿ (ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ)

1. ಸಾರಿನ ಕಲೆ ಸಬ್ಬು ಹಚ್ಚಿದಾಗ ಕೆಂಪಾಗುವುದೇಕೆ?
2. ಗಡಸು ನೀರಿಗೆ ಸ್ವಲ್ಪ ಸುಣ್ಣ ಹಾಕಿದರೆ ನೀರು ಮಬ್ಬಾಗುವುದೇಕೆ?
3. ಒಗಟು: ಬಾಗಿಲಿಲ್ಲದ ಬಿಳಿ ಮನೆ, ಒಳಗೆ ಬಂಗಾರದ ಮುದ್ದೆ. ಉಳ್ಳಾಗಡ್ಡಿ ಅಂಗಿ ಬೇಯಿಸಿದರೆ ಮನೆ ಕೆಂಪು. ನಾನು ಯಾರು?

ಬರೆದವಳು: 7ನೇ ತರಗತಿಯ ವಿದ್ಯಾರ್ಥಿನಿ